ಹೊಲಿಗೆ ಮೆಷೀನಿನ ಎಣ್ಣೆ, ಮಾವನವರ ಬ್ರೇಕು

ತಪ್ಪು ಮಾಡುವುದು ಯಾರಿಗಾದರೂ ಬರುತ್ತದೆ. ಒಪ್ಪಿಕೊಳ್ಳುವುದಕ್ಕೆ ಟ್ರೈನಿಂಗ್ ಬೇಕು. ನಾನು ಓದಿದ ಬೆಂಗಳೂರಿನ ಕಾನ್ವೆಂಟಿನಲ್ಲಿ ಆ ಟ್ರೈನಿಂಗ್ ಇತ್ತು, ಆದರೆ ಕ್ಯಾಥೊಲಿಕ್ ಹುಡುಗಿಯರಿಗೆ ಮಾತ್ರ. ಪ್ರತಿ ಶನಿವಾರ ಅವರು ಸಾಲಾಗಿ ಚಾಪೆಲ್ಲಿಗೆ ಹೋಗಿ, ಕನ್ಫೆಷನ್ ಮುಗಿಸಿ, ಎಣ್ಣೆನೀರು ಹಾಕಿಕೊಂಡವರಂತೆ ಹಗುರಾಗಿ ಹೊರಗೆ ಬರುತ್ತಿದ್ದರು. ಅಷ್ಟು ಹೊತ್ತು ನಮ್ಮಂಥ ವಿಭೂತಿ ಮನೆಯ ಹುಡುಗಿಯರನ್ನು ನೀಡಲ್‌ವರ್ಕ್ ಕ್ಲಾಸಿನಲ್ಲಿ ಕೂರಿಸುತ್ತಿದ್ದರು. ಹೀಗಾಗಿ ನನಗೆ ಹೊಲಿಗೆ ಬಂತು, ತಪ್ಪೊಪ್ಪಿಗೆ ಬರಲಿಲ್ಲ. ಇದರಿಂದ ಚನ್ನಪಟ್ಟಣದ ನಮ್ಮ ಮಾವನವರ ಕಾರು ಏನೇನು ಅನುಭವಿಸಿತೆಂಬುದನ್ನು ಈಗ ಹೇಳುತ್ತೇನೆ. ಸಂಬಂಧಪಟ್ಟವರು ಯಾರೂ ಈಗ ಇಲ್ಲ. ಕೇಳುವವರು ಇಲ್ಲದಾಗ ಧೈರ್ಯ ಬರುವುದು ನನ್ನ ಹಳೆಯ ಗುಣ.

ಆಗಿನ್ನೂ ಮಹಾರಾಜರ ಕಾಲ. ಈಗಿನ ರಾಮನಗರವನ್ನು ಎಲ್ಲರೂ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ರೇಷ್ಮೆ ವ್ಯಾಪಾರದ ಮಾವನವರು ಹೊಸ ಮಾದರಿಯ ಕಾರೊಂದನ್ನು ತಂದರು. ಹಳೆಯ ಕಾರುಗಳಲ್ಲಿ ಬ್ರೇಕನ್ನು ಸಲಾಕೆಗಳು ಎಳೆಯುತ್ತಿದ್ದವು. ಇದರಲ್ಲಿ ಎಣ್ಣೆಯದೇ ಕಾರುಬಾರು. ಡ್ರೈವರನ ಕಾಲಡಿಯ ಹಲಗೆಯ ಕೆಳಗೆ ಮಾಸ್ಟರ್ ಸಿಲಿಂಡರ್ ಎಂಬ ಕಬ್ಬಿಣದ ಗಿಂಡಿ. ಪೆಡಲ್ ತುಳಿದರೆ ಅಲ್ಲಿಂದ ಎಣ್ಣೆ ಕೊಳವೆಗಳಲ್ಲಿ ನುಗ್ಗಿ ನಾಲ್ಕು ಚಕ್ರಗಳನ್ನೂ ಹಿಡಿದು ನಿಲ್ಲಿಸುತ್ತದೆ. ಇದೆಲ್ಲ ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿತ್ತು. ನಮ್ಮವರು ಮದರಾಸಿನಲ್ಲಿ ಲಾ ಓದುತ್ತಿದ್ದರಿಂದ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಊಟವಾದ ಮೇಲೆ ಮಾವನವರು ಪುರಾಣ ಕೇಳುವವರಂತೆ ಕೂತು ನನ್ನಿಂದ ಓದಿಸುತ್ತಿದ್ದರು. ಬಂದವರಿಗೆಲ್ಲ, “ನಮ್ ಸೊಸೆ ಕಾರನ್ನೇ ಓದ್ಬುಟ್ಟವ್ಳೆ” ಎನ್ನುವರು. ಬೋರಿಂಗ್ ಪುಟಗಳನ್ನು ಎರಡೆರಡಾಗಿ ಹಾರಿಸುತ್ತಿದ್ದೆನೆಂದು ಅವರಿಗೆ ನಾನು ಹೇಳಲಿಲ್ಲ. ಇದು ಮೊದಲನೆಯ ತಪ್ಪು.

ಆಯುಧಪೂಜೆಯ ಹಿಂದಿನ ದಿನ ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಎಣ್ಣೆ ಕಾಣಿಸಬೇಕೆಂಬುದು ನಮ್ಮತ್ತೆಯ ಕಟ್ಟಳೆ. ಈಳಿಗೆಮಣೆ, ಬಾವಿಯ ಗಡಗಡೆ, ಪೆಟ್ಟಿಗೆಯ ಚಿಲಕ, ಯಾವುದಕ್ಕೂ ಬಿಡುಗಡೆಯಿಲ್ಲ. ತವರಿನಿಂದ ಬಂದ ನನ್ನ ಹೊಲಿಗೆ ಮೆಷೀನಿಗೆ ಅದರದೇ ಎಣ್ಣೆ ಬಿಟ್ಟೆ. ಅತ್ತೆ ಅಡುಗೆಮನೆಯಿಂದಲೇ, “ಎಲ್ಲಕ್ಕೂ ಆಯ್ತೇನವ್ವಾ? ಒಂದ್ನೂ ಬುಡಬ್ಯಾಡ” ಎಂದರು. ಡಬ್ಬಿಯಲ್ಲಿ ಎಣ್ಣೆ ಮಿಕ್ಕಿತ್ತು, ಅಂಗಳದಲ್ಲಿ ಕಾರು ನಿಂತಿತ್ತು. ಹಲಗೆ ಎತ್ತಿ, ಸಿಲಿಂಡರಿನ ಮುಚ್ಚಳ ತಿರುಗಿಸಿ ನೋಡಿದೆ. ಎಣ್ಣೆ ಒಂದಿಷ್ಟು ಇಳಿದಿತ್ತು. ಪಾಪ, ಬಾಯಾರಿದೆ ಎನ್ನಿಸಿತು. ಡಬ್ಬಿಯನ್ನು ಪೂರ್ತಿ ಬಗ್ಗಿಸಿ, ಮುಚ್ಚಳಕ್ಕೆ ಕುಂಕುಮವಿಟ್ಟೆ.

ಮೂರು ವಾರದ ಮೇಲೆ ಕನಕಪುರದಲ್ಲಿ ನಾದಿನಿಯ ಮಗುವಿಗೆ ನಾಮಕರಣ. ಡ್ರೈವರ್ ಮಾದಯ್ಯನ ಪಕ್ಕ ಮಾವನವರು, ಹಿಂದೆ ಅತ್ತೆ, ನಾನು, ಮಗುವಿಗೆಂದು ಕೊಂಡ ಒಂದು ಬುಟ್ಟಿ ಮರದ ಗಿಲಕಿ. ಕ್ಲೋಸ್‌ಪೇಟೆ ದಾಟಿ ಇಳಿಜಾರು ಸಿಕ್ಕಿತು. ಮುಂದೆ ಹಿಪ್ಪುನೇರಳೆ ಸೊಪ್ಪಿನ ಗಾಡಿಯೊಂದು ರಸ್ತೆ ತುಂಬ ಹೋಗುತ್ತಿತ್ತು.

“ಬುದ್ಧಿ, ಕಾಲು ಹಲಗೆಗೆ ಹೊಂಟೋಯ್ತು” ಎಂದ ಮಾದಯ್ಯ, ಎಲೆಯಡಿಕೆ ಮುಗಿಯಿತೆಂದು ಹೇಳುವ ದನಿಯಲ್ಲಿ.

“ಯಾರ್ ಕಾಲ್ಲಾ?”

“ನಂದೇ ಬುದ್ಧಿ. ಬ್ರೇಕ್ ಹಿಡೀತಿಲ್ಲ.”

ನನ್ನ ಎದೆ ನಿಂತಿತು. ಕಾರು ಮಾತ್ರ ನಿಲ್ಲಲಿಲ್ಲ. ಮಾದಯ್ಯ ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗನ್ನು ತಬ್ಬಿ ಹಿಡಿದು, ಪಕ್ಕದ ಕಣದಲ್ಲಿದ್ದ ರಾಗಿಹುಲ್ಲಿನ ಮೆದೆಗೆ ಕಾರನ್ನು ನುಗ್ಗಿಸಿದ. ಎಲ್ಲ ಕತ್ತಲಾಯಿತು. ಗಿಲಕಿಗಳು ಕಾಲ ಬುಡದಲ್ಲಿ ಗಲಗಲ ಎಂದು ಉರುಳಿ ಒಂದೊಂದಾಗಿ ಸುಮ್ಮನಾದವು. ಅಷ್ಟು ಹೊತ್ತೂ ನಿದ್ದೆಯಲ್ಲಿದ್ದ ಅತ್ತೆ ತಲೆಯ ಮೇಲಿನ ಹುಲ್ಲು ಕೊಡವಿಕೊಂಡು, “ಕನಕಪುರ ಬಂತಾ?” ಎಂದರು.

ಯಾರಿಗೂ ಏನೂ ಆಗಿರಲಿಲ್ಲ. ಅದು ಖಾತ್ರಿಯಾದ ಮೇಲೆ ಮಾವನವರಿಗೆ ಸಿಟ್ಟು ಬಂತು. “ನನ್ ಸಂಸಾರಾನೇ ಕೊಲ್ತಿದ್ದಲ್ಲಾ ಮಾದ. ಸಾಬ್ರು ಬಿಚ್ಚಿ ನೋಡ್ಲಿ. ನಿನ್ ತಪ್ಪು ಅಂತ ಕಂಡ್ರೆ ನಾಳೆಯಿಂದ ಈ ಕಡೀಕೆ ಬರಬ್ಯಾಡ.” ಮಾದಯ್ಯನಿಗೆ ಮೂವರು ಹೆಣ್ಣುಮಕ್ಕಳು. ಅವನು ನನ್ನ ಕಡೆ ಒಮ್ಮೆ ನೋಡಿದ. ನಾನು ಸೊಪ್ಪಿನ ಗಾಡಿಯ ಕಡೆ ನೋಡಿದೆ.

ಸಾಬರೆಂದರೆ ಹೈದರ್ ಸಾಬರು. ಬೊಂಬೆ ಕಡೆಯುವ ಮನೆತನ. ಇವರು ಮಾತ್ರ ದಂಡಿನ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದಿದ್ದರು. ಎತ್ತು ಕಟ್ಟಿ ಎಳೆದು ತಂದ ಕಾರಿನ ಕೆಳಗೆ ಮಲಗಿ, ಸಿಲಿಂಡರನ್ನು ಬಿಚ್ಚಿ, ಒಳಗಿನ ರಬ್ಬರು ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತೋರಿಸಿದರು. ಅದು ನೆನೆಸಿದ ಕಡಲೆಯಂತೆ ಊದಿಕೊಂಡಿತ್ತು. ಬೆರಳಿಗೆ ಎಣ್ಣೆ ಹಚ್ಚಿ ಮೂಸಿದರು.

“ಇದು ಬ್ರೇಕ್ ಎಣ್ಣೆ ಅಲ್ಲ ಯಜಮಾನ್ರೆ. ನಮ್ಮ ಮನೇಲಿ ಟೋಪಿ ಹೊಲಿಯೋ ಮೆಷೀನಿಗೆ ಹಾಕ್ತಾರಲ್ಲ, ಆ ಎಣ್ಣೆ. ರಬ್ಬರಿಗೆ ವಿಷ. ಸಿಲಿಂಡರ್ ಹೊಸದೇ ತರಿಸ್ಬೇಕು.”

ಮಾವನವರು ಮಾದಯ್ಯನ ಕಡೆ ತಿರುಗಿದರು. “ಯಾಕ್ಲಾ ಹಾಕ್ದೆ ಇದ್ನ?”

ಮಾದಯ್ಯ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ನಿಂತ. ಆ ವಸ್ತ್ರವನ್ನು ನೋಡಲಾಗಲಿಲ್ಲ ನನಗೆ. ಬಾಯಿ ತೆರೆದೆ, ಭಯಕ್ಕೆ ಇಂಗ್ಲಿಷ್ ಬಂದುಬಿಟ್ಟಿತು. “ಐ ಡಿಡ್ ಇಟ್, ಮಾವಾ.” ಯಾರಿಗೂ ಅರ್ಥವಾಗಲಿಲ್ಲ. ಜೀವನದ ಮೊದಲ ಕನ್ಫೆಷನ್ನನ್ನು ಕನ್ನಡದಲ್ಲಿ ಮತ್ತೊಮ್ಮೆ ಮಾಡಬೇಕಾಯಿತು. ಹಾರಿಸಿದ ಪುಟಗಳನ್ನೂ ಸೇರಿಸಿ ಹೇಳಿದೆ.

ಅದಕ್ಕಿಂತ ದೊಡ್ಡ ಶಾಕ್ ಇನ್ನೂ ಬಾಕಿಯಿತ್ತು. “ಚಿಕ್ಕವ್ವಾರು ಹಾಕದ್ನ ನಾನೂ ಕಂಡಿದ್ದೆ ಬುದ್ಧಿ” ಎಂದ ಮಾದಯ್ಯ. “ಕೇಳ್ಬೇಕು ಅಂದ್ಕಂಡೆ. ಇಂಗ್ಲಿಷ್ ಪುಸ್ತಕ ಓದವ್ರೆ, ಅದ್ರಾಗೇ ಬರ್ದಿರ್ತದೆ ಅಂತ ಸುಮ್ಕಾದೆ.”

ಅಂದು ಸಂಜೆ ಪುಸ್ತಕ ತೆಗೆದು ಹಾರಿಸಿದ ಪುಟವನ್ನು ಹುಡುಕಿದೆ. ಬೇರೆ ಯಾವ ಎಣ್ಣೆಯನ್ನೂ ಹಾಕಕೂಡದೆಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ಬೆಂಗಳೂರಿನಿಂದ ಹೊಸ ಸಿಲಿಂಡರ್ ರೈಲಿನಲ್ಲಿ ಬಂತು. ಸಾಬರು ಚಕ್ರಗಳ ಬ್ರೇಕಿನ ರಬ್ಬರು ಬಿಲ್ಲೆಗಳನ್ನೂ ಬದಲಾಯಿಸಿ, ಕೊಳವೆಗಳನ್ನು ತೊಳೆದು, ಇನ್ನು ಒಳಗೆ ಸೇರಿರುವ ಗಾಳಿಯನ್ನೆಲ್ಲ ಹೊರಗೆ ಹಾಕಬೇಕು, ಪೆಡಲ್ ತುಳಿಯಲು ಒಬ್ಬರು ಬೇಕು ಎಂದರು. “ಇವಳ್ನೇ ಕೂರ್ಸಿ” ಎಂದರು ಮಾವನವರು. ಬೀದಿಯೆಲ್ಲ ನೋಡುವಂತೆ, ತಲೆ ತುಂಬ ಸೆರಗು ಹೊದ್ದು, ನಾನು ಡ್ರೈವರನ ಸೀಟಿನಲ್ಲಿ ಕೂತೆ. ಸಾಬರು ದೂರದ ಹಿಂಚಕ್ರದ ಬಳಿ ಸ್ಕ್ರೂಗೆ ರಬ್ಬರು ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಎಣ್ಣೆ ತುಂಬಿದ ಗಾಜಿನ ಲೋಟದಲ್ಲಿ ಮುಳುಗಿಸಿದರು. “ತುಳೀರಿ. ಹಾಗೇ ಇರಿ. ಈಗ ಬಿಡಿ.” ನಾನು ತುಳಿದು ಹಿಡಿದಾಗ ಅವರು ಸ್ಕ್ರೂ ಸಡಿಲಿಸಿದರೆ ಲೋಟದಲ್ಲಿ ಗುಳ್ಳೆ ಬುಳುಬುಳು ಏಳುತ್ತಿದ್ದವು. ಸ್ಕ್ರೂ ಬಿಗಿಯುವ ಮುಂಚೆ ನಾನು ಕಾಲು ಎತ್ತಿಬಿಟ್ಟರೆ ಗಾಳಿ ಮತ್ತೆ ಒಳಗೆ; ಹಾಗೆ ಮೂರು ಸಲ ಎತ್ತಿದೆ. ಮಾವನವರು ಲೋಟದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದು ಗುಳ್ಳೆಯನ್ನೂ ನನ್ನ ಮುಖವನ್ನೂ ನೋಡುತ್ತಿದ್ದರು. ನಾಲ್ಕನೆಯ ಚಕ್ರ ಮುಗಿದಾಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ನನ್ನ ಕಾಲು ಹತ್ತಿಯಾಗಿತ್ತು.

ಮಾದಯ್ಯನ ಕೆಲಸ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಬಡ್ತಿಯೂ ಆಯಿತು. ಮಾವನವರು ಮನೆಯ ಎಣ್ಣೆ ಡಬ್ಬಿಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಅವನ ಉಡಿದಾರಕ್ಕೆ ಕಟ್ಟಿಸಿದರು. ಆಮೇಲೆ ಎಷ್ಟೋ ವರ್ಷ, ನನ್ನ ಹೊಲಿಗೆ ಮೆಷೀನು ಕಿರುಗುಟ್ಟಿದಾಗಲೆಲ್ಲ, ಸೀನಿಯರ್ ಕೇಂಬ್ರಿಡ್ಜ್ ಪಾಸಾದ ನಾನು ಹೆಬ್ಬೆಟ್ಟು ಒತ್ತುವ ಮಾದಯ್ಯನ ಮುಂದೆ ಬಟ್ಟಲು ಹಿಡಿದು ನಿಲ್ಲುತ್ತಿದ್ದೆ. ಅವನು ಎರಡು ತೊಟ್ಟು ಬಿಟ್ಟು, ಡಬ್ಬಿಯನ್ನು ನೆಟ್ಟಗೆ ಮಾಡಿ, ಬಹಳ ಮರ್ಯಾದೆಯಿಂದ ಕೇಳುತ್ತಿದ್ದ: “ಯಾವುದ್ಕೆ ಚಿಕ್ಕವ್ವಾ, ಮೆಷೀನ್ಗೇ ತಾನೇ?”