ಜಗಳೂರಿನ ಸಾಧು ಮತ್ತು ನನ್ನ ಮೈಕ್ ಸೆಟ್

ಮೈಕ್ ಸೆಟ್ ಇಟ್ಟುಕೊಂಡವನಿಗೆ ಪಜೀತಿ ಇಲ್ಲದ ವಾರ ಅಂತ ಇರೋದೇ ಇಲ್ಲ. ನಾನು ಮಾಡೋದು ಇಷ್ಟೇ: ಪ್ಲೇಟು ಹಾಕ್ತೀನಿ, ಪಿನ್ನು ಇಡ್ತೀನಿ. ಆಮೇಲೆ ಆಗೋದಕ್ಕೆಲ್ಲ ಹಾಡೇ ಹೊಣೆ. ಆದರೆ ಬೈಗುಳ ಮಾತ್ರ ನನಗೆ.

ಎಪ್ಪತ್ತರ ದಶಕದ ನಡುವಿನಲ್ಲಿ ಚನ್ನಗಿರಿಯಲ್ಲಿ ಈ ಕೆಲಸ ಶುರು ಮಾಡಿದೆ. ಒಂದು ಆಂಪ್ಲಿಫೈಯರು, ಎರಡು ಹಾರ್ನು, ಒಂದು ಗ್ರಾಮಫೋನು, ಒಂದು ಟ್ರಂಕಿನ ತುಂಬ ಸಿನಿಮಾ ಪ್ಲೇಟು. ಮನೆಗೆ ತಂದಿಳಿಸಿದ ದಿನವೇ ನಮ್ಮಪ್ಪ ನನ್ನ ಜೊತೆ ಮಾತು ಬಿಟ್ಟರು. ಅಪ್ಪನದು ಎಣ್ಣೆ ಅಂಗಡಿ. ಆದರೆ ಊರಿಗೆ ಅವರು ಗೊತ್ತಿದ್ದದ್ದು ಸೋಮವಾರದ ಭಜನೆಯಿಂದ. ಮಠದಲ್ಲಿ ಹಾರ್ಮೋನಿಯಂ ಮುಂದೆ ಕೂತು ಅವರು ಒಂದು ದೇವರ ಪದ ಹೇಳೋರು, ಶೇಂಗಾ ಖರೀದಿಗೆ ಹೋದಾಗ ಜಗಳೂರಲ್ಲಿ ಒಬ್ಬ ಸಾಧು ಬಾಯಿಂದ ಕೇಳಿ ಕಲಿತದ್ದಂತೆ. ಅದನ್ನ ಹೇಳುವಾಗ ಅವರ ಕಣ್ಣಲ್ಲಿ ನೀರು, ಕೇಳೋರ ಕಣ್ಣಲ್ಲೂ ನೀರು.

"ಸಿನಿಮಾ ಹಾಡಿನಾಗೆ ದೇವರು ಇರಲ್ಲ," ಅನ್ನೋದು ಅಪ್ಪನ ತೀರ್ಮಾನ. ಒಂದೇ ಮನೆ, ಎದುರುಬದುರು ಊಟ, ಮಾತು ಮಾತ್ರ ಅವ್ವನ ಮೂಲಕ. "ನಿನ್ನ ಮಗನಿಗೆ ಹೇಳು, ಸಾರು ಆರ್ತಾ ಐತೆ." ಒಂಬತ್ತು ವರ್ಷ ಹಿಂಗೇ ನಡೀತು. ಊರೂರಿನ ಜನರನ್ನ ಅಳಿಸ್ತೀನಿ, ನಗಿಸ್ತೀನಿ, ನಮ್ಮಪ್ಪನ ಬಾಯಿಂದ ಒಂದು ಮಾತು ಹೊರಡಿಸಾಕೆ ಆಗಲಿಲ್ಲವಲ್ಲ ಅಂತ ನನಗೆ ಬಹಳ ಸಂಕಟ ಇತ್ತು.

ತಾಳಿಗೆ ಮುಂಚೆ

ಮದುವೆಯಲ್ಲಿ ಪ್ಲೇಟು ಹಾಕಾಕೆ ಒಂದು ಕ್ರಮ ಐತೆ. ಬೆಳಿಗ್ಗೆ ದೇವರ ಹಾಡು, ಬೀಗರು ಬಂದಾಗ ಕುಣಿಯೋ ಹಾಡು, ಎಲ್ಲ ಮುಗಿದು ಹೆಣ್ಣು ಒಪ್ಪಿಸಿ ಕೊಡುವಾಗ ತವರಿನ ಹಾಡು. ತವರಿನ ಹಾಡು ಕೇಳಿ ಅಳದ ಹೆಂಗಸನ್ನ ನಾನಂತೂ ನೋಡಿಲ್ಲ.

ಬಸವಾಪಟ್ಟಣದ ಒಂದು ಮದುವೆಯಲ್ಲಿ ನನ್ನ ಕಣ್ಣು ಉಪ್ಪಿಟ್ಟಿನ ಮೇಲಿತ್ತು, ಕೈಗೆ ಸಿಕ್ಕ ಪ್ಲೇಟು ಹಾಕಿಬಿಟ್ಟೆ. ಇನ್ನೂ ತಾಳಿ ಕಟ್ಟಿಲ್ಲ, ತವರಿನ ಹಾಡು ಶುರು! ಮೊದಲು ಹುಡುಗಿಯ ಅವ್ವ ಸೆರಗು ಬಾಯಿಗಿಟ್ಟರು. ಆಮೇಲೆ ಹುಡುಗಿ. ಆಮೇಲೆ ಹುಡುಗಿಯ ಅಪ್ಪ ಚಪ್ಪರದ ಕಂಬ ಹಿಡಕೊಂಡು ಬಿಕ್ಕಾಕೆ ಹತ್ತಿದರು.

ಗಂಡಿನ ಸೋದರಮಾವ ಎದ್ದು ನಿಂತರು. "ಏನ್ರೀ ಇದು? ಹುಡುಗಿಗೆ ಮನಸ್ಸು ಐತೋ ಇಲ್ಲೋ? ಇಲ್ಲಾಂದ್ರೆ ಮೊದಲೇ ಹೇಳಬೇಕಿತ್ತು!"

ಪಿನ್ನು ಎತ್ತೋಣ ಅಂತ ಹೋಗ್ತೀನಿ, ಅತ್ತ ನೋಡಿದರೆ ಮದುವೆ ಗಂಡೂ ಬಾಸಿಂಗ ಅಲ್ಲಾಡೋ ಹಾಗೆ ಅಳ್ತಾ ಇದಾನೆ.

"ನಿನಗೇನಾತೋ?" ಅಂದರು ಮಾವ.

"ಇಷ್ಟು ಪ್ರೀತಿ ಇರೋ ಮನೆಯಿಂದ ಹುಡುಗೀನ ಹೆಂಗೆ ಕರ್ಕೊಂಡು ಹೋಗಲಿ, ಮಾವ? ನಾನೇ ಇಲ್ಲಿ ಇದ್ದುಬಿಡ್ತೀನಿ."

ಮಾವನ ಸಿಟ್ಟು ಅಲ್ಲಿಗೇ ಇಳೀತು. ನನ್ನ ಕಡೆ ಓಡಿ ಬಂದು ಕೈ ಮುಗಿದರು. "ಮೊದಲು ಅದನ್ನ ನಿಲ್ಲಿಸಪ್ಪಾ, ನಾವು ಹೆಣ್ಣು ತರಾಕೆ ಬಂದೋರು, ಗಂಡು ಕಳಕೊಂಡು ಹೋಗಾಕೆ ಅಲ್ಲ!"

ಇಳಿಯದ ದೇವಿ

ನ್ಯಾಮತಿಯ ಒಂದು ಓಣಿಯ ಗುಡಿಯಲ್ಲಿ ನವರಾತ್ರಿಗೆ ನನ್ನ ಮೈಕೇ. ಅಲ್ಲಿ ಹೂ ಮಾರೋ ಅವ್ವ ಒಬ್ಬರಿಗೆ ದೇವಿ ಮೈಮೇಲೆ ಬರೋದು. ಡೊಳ್ಳು ಬಡಿದರೂ ಬರಲ್ಲ, ಮಂಗಳಾರತಿಗೂ ಬರಲ್ಲ. ನನ್ನ ಹತ್ರ ಒಂದು ಸಿನಿಮಾ ದೇವಿ ಹಾಡು ಐತೆ, ಅದರ ಎರಡನೇ ಚರಣಕ್ಕೇ ಬರಬೇಕು. ಹಾಡು ಮುಗೀತೋ, ದೇವಿ ಇಳಿದು ಅವ್ವ ನೀರು ಕುಡಿಯೋರು.

ಒಂದು ವರ್ಷ ಎರಡನೇ ಚರಣದಲ್ಲೇ ಪ್ಲೇಟಿಗೆ ಗೀರು ಬಿದ್ದಿತ್ತು, ಪಿನ್ನು ಸಿಕ್ಕಿಕೊಳ್ತು. ಅದೇ ಸಾಲು, ಮತ್ತೆ ಅದೇ ಸಾಲು. ನಾನು ಹಾರ್ನಿನ ತಂತಿ ಸರಿಮಾಡಾಕೆ ಬೇವಿನ ಮರ ಹತ್ತಿದ್ದೆ! ಇಳಿದು ಬರೋ ತನಕ ಅವ್ವ ತಿರುಗಿದ್ದೇ ತಿರುಗಿದ್ದು. ಜನ ಭಕ್ತಿಯಿಂದ ಅಡ್ಡ ಬಿದ್ದರು. "ಈ ಸಲ ತಾಯಿ ಬಿಟ್ಟು ಹೋಗಾಕೇ ಒಲ್ಲಳು," ಅಂದರು.

ನಾನು ಏದುಸಿರು ಬಿಡ್ತಾ ಬಂದು ಪಿನ್ನು ಎತ್ತಿದೆ. ಅವ್ವ ಧೊಪ್ಪನೆ ಕೂತು, ಒಂದು ತಂಬಿಗೆ ನೀರು ಕುಡಿದು, ನನ್ನನ್ನ ಹತ್ತಿರ ಕರೆದು ಕಿವಿಯಲ್ಲಿ ಹೇಳಿದರು: "ಮಗಾ, ಮುಂದಿನ ವರ್ಷ ನೀ ಮರ ಹತ್ತೋದಾದ್ರೆ ನಂಗೆ ಮೊದಲೇ ಹೇಳಿಬಿಡು."

ಹೊನ್ನಾಳಿ ಅಜ್ಜ

ಹೊನ್ನಾಳಿಯಲ್ಲಿ ಒಬ್ಬ ಅಜ್ಜ ಹಾಸಿಗೆ ಹಿಡಿದು ಊಟದ ಗಂಗಾಳ ಮುಟ್ಟೋದು ಬಿಟ್ಟಿದ್ದರು. ನೆಂಟರೆಲ್ಲ ಬಂದು ಕೂತಿದ್ದರು. ಮಗ ನನಗೆ ಹೇಳಿ ಕಳಿಸಿದ. "ನಾಕು ದೇವರ ಹಾಡು ಹಾಕ್ರಿ, ಜೀವ ನೆಮ್ಮದಿಯಾಗಿ ಹೋಗ್ಲಿ."

ಮೂರು ಹಾಡು ಆಯ್ತು. ನಾಲ್ಕನೆಯದು ಶುರುವಾದಾಗ ಅಜ್ಜ ಕಣ್ಣು ಬಿಟ್ಟರು. ತುಟಿ ಅಲ್ಲಾಡ್ತು. ಎಲ್ಲರೂ ಬಗ್ಗಿದರು, ಕೊನೇ ಮಾತು ಅಂತ.

"ಇದು ಬ್ಯಾಡ," ಅಂದರು ಅಜ್ಜ. "ಆ ಹುಡುಗ ಹುಡುಗಿ ಸೈಕಲ್ ಮೇಲೆ ಹೋಗ್ತಾ ಹಾಡೋದು ಐತಲ್ಲ, ಅದು ಹಾಕು."

ಮಗ ನೆಂಟರ ಮುಖ ನೋಡಿದ, ನೆಂಟರು ತೊಲೆ ನೋಡಿದರು. ನಾನು ಹಾಕಿದೆ. ಅಜ್ಜನ ಹೆಬ್ಬೆರಳು ತಾಳ ಹಾಕಿತು. ಎರಡನೇ ಸಲಕ್ಕೆ ಗಂಜಿ ಕೇಳಿದರು, ಮೂರನೇ ಸಲಕ್ಕೆ ದಿಂಬಿಗೆ ಒರಗಿ ಕೂತರು. ಆಮೇಲೆ ನಾಲ್ಕು ವರ್ಷ ಗಟ್ಟಿಮುಟ್ಟಾಗಿ ಓಡಾಡಿದರು ಕಣ್ರೀ!

ಹೊರಡುವಾಗ ಅಜ್ಜ ಖುಷಿಗೆ ತಮ್ಮ ಹಳೇ ಪ್ಲೇಟಿನ ಕಟ್ಟು ನನಗೇ ಕೊಟ್ಟರು. ಮಗ ಬಾಗಿಲ ತನಕ ಬಂದು ಮೆಲ್ಲಗೆ ಅಂದ: "ನಿಮ್ಮನ್ನ ಕರೆಸಿದ್ದು ಕಳಿಸಿಕೊಡಾಕೆ. ನೀವು ಹೋದವರನ್ನ ವಾಪಸ್ ಕರ್ಕೊಂಡು ಬಂದ್ರಲ್ರೀ!"

ಸಾಧು ಸಿಕ್ಕಿದ್ದು

ಆ ಕಟ್ಟನ್ನ ಮನೆಯಲ್ಲಿ ಒಂದೊಂದೇ ಹಾಕಿ ನೋಡ್ತಾ ಇದ್ದೆ. ಅಪ್ಪ ಅಂಗಡಿಯಲ್ಲಿದ್ದರು. ಒಂದು ಪ್ಲೇಟು ಹಾಡಾಕೆ ಶುರು ಮಾಡ್ತು. ಅಪ್ಪನ ಸೋಮವಾರದ ಪದ! ಅದೇ ರಾಗ, ಅದೇ ಮಾತು. ಸಾಧು ಹೇಳಿದ್ದಲ್ಲ, ಅಪ್ಪಟ ಸಿನಿಮಾ ಹಾಡು.

ಯಾರೋ ಕಳ್ಳ ಸಾಧು ನಮ್ಮಪ್ಪನಿಗೆ ಟೋಪಿ ಹಾಕಿದಾನೆ ಅಂದುಕೊಂಡೆ. ಇದೇನಾದರೂ ನನ್ನ ಹಾರ್ನಿನಲ್ಲಿ ಕೇಳಿಸಿದರೆ ಅಪ್ಪ ಊರಲ್ಲಿ ತಲೆ ಎತ್ತಾಕೆ ಆಗಲ್ಲ. ಕೈಗೆ ಸಿಕ್ಕ ಒಂದು ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿಬಿಟ್ಟೆ. ಮಾತಾಡದೇ ಇದ್ದರೇನು, ನಮ್ಮಪ್ಪ ಅಲ್ಲವೇ.

ಕೆಲವು ತಿಂಗಳಾದ ಮೇಲೆ ಮಠದಲ್ಲಿ ಭಜನೆಯ ವಾರ್ಷಿಕೋತ್ಸವ ಬಂತು. ಮಠದವರು ನನಗೇ ಮೈಕ್ ಹೇಳಿದರು. ಅಪ್ಪನಿಗೆ ಮೂರು ದಿನದಿಂದ ನೆಗಡಿ, ಗಂಟಲು ಕಟ್ಟಿತ್ತು. ಆದರೂ ಬಂದು ಕೂತರು. ಜನ ಕಿಕ್ಕಿರಿದಿದ್ದರು, ಎಲ್ಲರೂ ಕಾದಿದ್ದು ಆ ಪದಕ್ಕೇ. ಅಪ್ಪ ಶುರು ಮಾಡಿದರು, ಮೊದಲನೇ ಸಾಲಿಗೇ ದನಿ ಒಡೀತು. ಕೆಮ್ಮಿ ಮತ್ತೆ ಹತ್ತಿಸಿದರು, ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಹಾರ್ಮೋನಿಯಂ ಒಂದೇ ಗುಂಯ್ ಅಂತಿತ್ತು. ಹಾಡು ನನ್ನ ಟ್ರಂಕಿನಲ್ಲೇ ಐತೆ, ಆದರೆ ಹೆಂಗೆ ಹಾಕಲಿ?

ಆಗ ಅಪ್ಪ ನನ್ನ ಕಡೆ ತಿರುಗಿದರು. "ಏನ್ ನೋಡ್ತೀಯೋ? ತಳದಾಗೆ ಐತಲ್ಲ, ತೆಗೆದು ಹಾಕೋ."

ಒಂಬತ್ತು ವರ್ಷಕ್ಕೆ ಮೊದಲ ಮಾತು! ನನಗೆ ತಿಳೀದೇ ಬಾಯಿಂದ ಬಂತು: "ನಿಮಗೆ ಹೆಂಗೆ ಗೊತ್ತಾತು, ಅಪ್ಪಾ?"

"ಇವತ್ತು ಉಡಾಕೆ ಅಂತ ಬೆಳಿಗ್ಗೆಯಿಂದ ಪಂಚೆ ಹುಡುಕ್ತಾ ಇದ್ದೆ. ನಿನ್ನ ಟ್ರಂಕಿನಾಗೆ ಸಿಕ್ತು, ಒಳಗೆ ಈ ಪ್ಲೇಟು."

ತಳದಿಂದ ತೆಗೆದು ಪ್ಲೇಟು ಹಾಕಿದೆ. ವಾದ್ಯ ಗೋಷ್ಠಿ ಸಮೇತ ಅಪ್ಪನ ಪದ ಮಠದ ತುಂಬ ಹರೀತು. ಮುಂದಿನ ಸಾಲಲ್ಲಿ ಕೂತಿದ್ದ ಹಿರಿಯ ಭಜಕರೊಬ್ಬರು ಹಾಡು ಮುಗಿದ ಮೇಲೆ ಅಪ್ಪನನ್ನ ಕೇಳಿದರು: "ಏನ್ರೀ, ಸಾಧು ಹೇಳಿದ್ದು ಅಂದಿದ್ರಿ?"

"ಸಾಧುನೇ," ಅಂದರು ಅಪ್ಪ ಒಡೆದ ದನಿಯಲ್ಲಿ. "ಜಟೆ ಇತ್ತು, ಕೈಯಾಗೆ ಏಕತಾರಿ ಇತ್ತು. ಬಟ್ಟೆ ಕಾವಿನೋ ಏನೋ, ಕಪ್ಪುಬಿಳುಪಿನಾಗೆ ಗೊತ್ತಾಗಲಿಲ್ಲ. ಜಗಳೂರು ಟೆಂಟ್ ಟಾಕೀಸಿನಾಗೆ ಮೂರು ದಿನ ದರ್ಶನ ಮಾಡಿದೆ. ನೆಲದ ಮೇಲೆ ಕೂತು ಅತ್ತಿದ್ದೆ ಕಣ್ರೀ. ಆ ಹಾಡಿನಾಗೆ ದೇವರು ಇದ್ದ."

ಆಮೇಲೆ ನನ್ನ ಕಡೆ ನೋಡಿದರು. "ನೀ ಮೈಕ್ ಸೆಟ್ ತಂದ ದಿನದಿಂದ ನಂಗೆ ಒಂದೇ ಭಯ. ಇವತ್ತು ಹಾಕ್ತಾನೆ, ನಾಳೆ ಹಾಕ್ತಾನೆ ಅಂತ. ನೀ ನೋಡಿದ್ರೆ ಮುಚ್ಚಿಟ್ಟಿದೀಯ."

ಹಿರಿಯ ಭಜಕರು ಗಂಟಲು ಸರಿಮಾಡಿಕೊಂಡರು. "ಬಿಡ್ರಿ ಅತ್ಲಾಗೆ. ಆ ಸಾಧು ದರ್ಶನ ನಾನು ದಾವಣಗೆರೆನಾಗೆ ಐದು ಸಲ ಮಾಡೀನಿ."

ಹೆಂಗಸರ ಸಾಲಿನಿಂದಲೂ ನಾಲ್ಕು ಕೈ ಎದ್ದವು.

ಅಪ್ಪ ಬೆಪ್ಪಾದರು. "ಮತ್ತೆ ಇಷ್ಟು ವರ್ಷ ಯಾರೂ ಬಾಯಿ ಬಿಡಲಿಲ್ಲ?"

"ಬಾಯಿ ಬಿಟ್ರೆ ನೀವು ಹಾಡೋದು ನಿಲ್ಲಿಸಿಬಿಡ್ತಿದ್ರಿ. ಆ ಸಾಧುಗಿಂತ ನೀವೇ ಚಲೋ ಹಾಡ್ತೀರಿ."

ಮನೆಗೆ ಬಂದು ಊಟಕ್ಕೆ ಕೂತೆವು. ಅಪ್ಪನಿಗೆ ರೂಢಿ ತಪ್ಪಲಿಲ್ಲ. "ನಿನ್ನ ಮಗನಿಗೆ ಹೇಳು..." ಅಂತ ಶುರು ಮಾಡಿದರು.

ಅವ್ವ ಸೌಟು ಕೆಳಗಿಟ್ಟಳು. "ನಾ ಹೇಳಲ್ಲ. ಒಂಬತ್ತು ವರ್ಷ ಹೇಳಿ ಹೇಳಿ ನನ್ನ ಗಂಟ್ಲೂ ಹೋಗೈತೆ. ನಿಮ್ಮ ಗಂಟ್ಲು ಹೋದ್ರೆ ಹಾಕಾಕೆ ಪ್ಲೇಟು ಐತೆ, ನಂಗೇನೈತೆ?"

ಅಪ್ಪ ಗಂಗಾಳ ನನ್ನ ಕಡೆ ಸರಿಸಿದರು. ಆಮೇಲೆ ನನ್ನ ಮುಖ ನೋಡಿ ಹೇಳಿದರು: "ಸಾರು ಆರ್ತಾ ಐತೆ, ಉಣ್ಣೋ."