ಸಟ್ಟುಗದ ಸರದಾರ

ಎಲ್ಲಕ್ಕೂ ಕಾರಣ ಈರುಳ್ಳಿ.

ಆಗಸ್ಟಿನಲ್ಲಿ ಅಳಿಲು ಬೇಟೆ ಶುರುವಾಗುವ ದಿನ ಊರಿನ ಇಗರ್ಜಿಯ ಅಂಗಳದಲ್ಲಿ ಬರ್ಗೂ ಎಂಬ ಗಟ್ಟಿ ಸಾರು ಬೇಯುತ್ತದೆ. ಅಳಿಲು, ಕೋಳಿ, ಮೆಕ್ಕೆಜೋಳ, ಆಲೂಗಡ್ಡೆ ಎಲ್ಲವೂ ಒಂದೇ ಕೊಪ್ಪರಿಗೆಯಲ್ಲಿ ತಮ್ಮ ಗುರುತು ಮರೆಯುವವರೆಗೆ ಕುದಿಯಬೇಕು. ಬೆಳಗಿನ ಬೇಟೆಯಲ್ಲಿ ಹೆಚ್ಚು ಅಳಿಲು ತಂದವನ ಕೈಗೆ ಆಳೆತ್ತರದ ಮರದ ಸಟ್ಟುಗ. ಸಂಜೆ ಬಡಿಸಿದ ಮೇಲೆ ಅದರ ಹಿಡಿಯ ಮೇಲೆ ಅವನ ಹೆಸರನ್ನು ಕಾದ ಕಬ್ಬಿಣದಿಂದ ಬರೆಯುತ್ತಾರೆ. ಬರಿಗೈಯಲ್ಲಿ ಬಂದವನು ಹೆಂಗಸರ ಜೊತೆ ಕೂತು ಈರುಳ್ಳಿ ಹೆಚ್ಚಬೇಕು.

ಶಾಲೆಯ ಬಸ್ಸು ಓಡಿಸುವ ಆರ್ಲಿಸ್ ಹೇಡನ್ ಮದುವೆಯಾದಾಗಿನಿಂದ ಈರುಳ್ಳಿ ಹೆಚ್ಚುತ್ತಿದ್ದ. ಅಷ್ಟೂ ವರ್ಷ ಸಟ್ಟುಗ ಹಿಡಿದವನು ಪಕ್ಕದ ಮನೆಯ ಹೋಬರ್ಟ್ ಮ್ಯಾಟಿಂಗ್ಲಿ. ಹಿಡಿಯ ಮೇಲೆ ಆರ್ಲಿಸ್‌ನ ಅಪ್ಪನ ಹೆಸರೂ ಇತ್ತು. ಅದರ ಕೆಳಗೆ ಹೋಬರ್ಟನ ಹೆಸರು ಇರುವೆಗಳ ಹಾಗೆ ಸಾಲುಗಟ್ಟಿತ್ತು.

"ಚೂರಿ ಮಸೆದಿಟ್ಟಿದೀನಿ," ಎಂದಳು ಹೆಂಡತಿ ವೆಲ್ಡಾ, ಇನ್ನೂ ಬೆಳಕು ಹರಿಯುವ ಮುಂಚೆ. "ಈರುಳ್ಳಿ ಈ ಸಲ ದಪ್ಪ ಬಂದಿದೆಯಂತೆ."

"ಈ ಸಲ ಸಟ್ಟುಗ ನನ್ನದು. ನೋಡ್ತಿರು."

"ಹೋಗು, ಹೋಗು. ಮೊದಲು ಚಿಗರ್‌ಗೆ ಏನಾದ್ರೂ ಹಚ್ಕೋ."

ಚಿಗರ್ ಎಂದರೆ ಬಿಸಿಲುಗಾಲದ ಹುಲ್ಲಿನಲ್ಲಿ ಕಾದಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಕೆಂಪು ನುಸಿ. ಕಚ್ಚಿದ್ದು ಗೊತ್ತಾಗುವುದಿಲ್ಲ. ಅರ್ಧ ದಿನ ಕಳೆದ ಮೇಲೆ ಎಲ್ಲ ಒಟ್ಟಿಗೇ ಗೊತ್ತಾಗುತ್ತದೆ. ಆರ್ಲಿಸ್ ಕಾಲುಚೀಲಕ್ಕೆ ಗಂಧಕದ ಪುಡಿ ಸುರಿದುಕೊಂಡ. ದಾರಿಯಲ್ಲಿ ಸಿಕ್ಕ ಕಾಳುಕಡ್ಡಿ ಅಂಗಡಿಯ ರಾಸ್ಕೋ ಅವನನ್ನು ತಡೆದು ನಿಲ್ಲಿಸಿದ.

"ಬರೀ ಗಂಧಕಾನಾ? ಅದನ್ನ ಅವು ಉಪ್ಪಿನ ಹಾಗೆ ನೆಂಚ್ಕೊಂಡು ತಿಂತವೆ ಕಣೋ," ಎಂದು ನಾಯಿಗೆ ಕಟ್ಟುವ ಚಿಗಟದ ಪಟ್ಟಿಗಳನ್ನು ಎರಡೂ ಕಾಲಿಗೆ ಬಿಗಿದ. ಸಾಲದೆಂದು ಪ್ಯಾಂಟಿನ ಅಂಚಿಗೆ ಸೀಮೆಎಣ್ಣೆ ಚಿಮುಕಿಸಿದ. "ಈಗ ಹೋಗು. ಸಿಗರೇಟು ಮಾತ್ರ ಹಚ್ಚಬೇಡ."

ಹಿಕರಿ ಮರಗಳ ಕೆಳಗೆ ಆರ್ಲಿಸ್ ಕುಳಿತ. ಮದುವೆಮನೆಗೆ ಪೊಲೀಸರು ಬಂದ ಹಾಗಾಯಿತು. ಮರದಲ್ಲಿ ಕಾಯಿ ಕಡಿಯುತ್ತಿದ್ದ ಅಳಿಲುಗಳು ಒಮ್ಮೆಲೇ ಮೌನವಾಗಿ, ಕೊಂಬೆಯಿಂದ ಕೊಂಬೆಗೆ ದಾಟಿ ಮಾಯವಾದವು. ಒಂದು ಮುದಿ ಅಳಿಲು ಮಾತ್ರ ನಿಂತು, ಇವನನ್ನು ನೋಡಿ ಸೀನಿತು.

ಬಿಸಿಲೇರಿತು. ಈರುಳ್ಳಿಯ ಬುಟ್ಟಿ ಕಣ್ಣಮುಂದೆ ಬಂತು. ಆರ್ಲಿಸ್ ಎದ್ದು ಹಳ್ಳಕ್ಕೆ ಇಳಿದು ಗಂಧಕ ತೊಳೆದ, ಪಟ್ಟಿ ಬಿಚ್ಚಿ ಕೊಂಬೆಗೆ ನೇತುಹಾಕಿದ, ಪ್ಯಾಂಟನ್ನು ಮಂಡಿಯವರೆಗೆ ಮಡಿಚಿದ. ಅರ್ಧ ಗಂಟೆಯೊಳಗೆ ಕೋವಿಗೆ ಎರಡು ಅಳಿಲು ಬಿದ್ದವು! ಒಂದರ ಭುಜದ ಮೇಲೆ ಗಂಟು, ಗಂಟಿನಲ್ಲಿ ತೂತು, ತೂತಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ದಪ್ಪದ ಹುಳ. ನೊಣದ ಮರಿ. ಊರಿನವರು ಅದನ್ನು ತೋಳ ಎನ್ನುತ್ತಾರೆ. ತೋಳ ಹಿಡಿದ ಅಳಿಲನ್ನು ತಿನ್ನಬಾರದೆಂದು ಬೇಲಿಗೆ ಎಸೆಯುತ್ತಾರೆ.

ಆದರೆ ಆರ್ಲಿಸ್‌ಗೆ ಅಪ್ಪ ಹೇಳಿಕೊಟ್ಟಿದ್ದ: ತೋಳ ಇರುವುದು ಚರ್ಮದಲ್ಲಿ, ಮಾಂಸದಲ್ಲಲ್ಲ. ಸುಲಿದರೆ ಅಂಗಿಯ ಜೊತೆ ಗುಂಡಿಯೂ ಹೋಗುತ್ತದೆ.

ಅಷ್ಟರಲ್ಲಿ ಹಳ್ಳದಾಚೆ ಹೋಬರ್ಟ್ ಕಂಡ. ಸೊಂಟದಲ್ಲಿ ನಾಲ್ಕು ಅಳಿಲು ನೇತಾಡುತ್ತಿದ್ದವು. ಹೋಬರ್ಟ್ ಒಂದು ಅಳಿಲನ್ನು ಬಿಚ್ಚಿ ತಿರುಗಿಸಿ ನೋಡಿದ, ತಲೆ ಕೊಡವಿದ, ಮುಳ್ಳುಪೊದೆಗೆ ಎಸೆದ. ಇನ್ನೊಂದನ್ನೂ. ಒಂದೊಂದಾಗಿ ನಾಲ್ಕನ್ನೂ ಎಸೆದು, ಕೈ ಒರೆಸಿಕೊಂಡು ಹೊರಟುಹೋದ.

"ತೋಳಕ್ಕೆ ಹೆದರಿದ, ಪೆದ್ದ!" ಆರ್ಲಿಸ್ ಬಾಯಿ ಮುಚ್ಚಿಕೊಂಡು ನಕ್ಕ. ಎಸೆದದ್ದರ ಮೇಲೆ ಎಸೆದವನಿಗೇನು ಹಕ್ಕು? ಬ್ಲಾಕ್‌ಬೆರಿ ಪೊದೆಯೊಳಗೆ ಹೊಟ್ಟೆಯ ಮೇಲೆ ತೆವಳಿದ. ಮುಳ್ಳು ಅಂಗಿ ಎಳೆಯಿತು, ಹುಲ್ಲು ಮೈಯ ಮೇಲೆಲ್ಲ ಹರಿದಾಡಿತು. ಎರಡೂ ನಾಲ್ಕೂ ಆರು. ಒಬ್ಬನಿಗೆ ದಿನಕ್ಕೆ ಕಾನೂನು ಬಿಡುವಷ್ಟು, ಪೂರ್ತಿ ಆರು! ಹಾಡುತ್ತಾ ಇಗರ್ಜಿಯ ಅಂಗಳಕ್ಕೆ ಹೋದ.

ಕೊಪ್ಪರಿಗೆಯ ಒಡತಿ ಓಪಲತ್ತೆ. ಊರಿಗೆಲ್ಲ ಅತ್ತೆ, ಯಾರಿಗೂ ನಿಜವಾದ ಅತ್ತೆಯಲ್ಲ. ಅವಳು ಆರನ್ನೂ ಸಾಲಾಗಿ ಮಲಗಿಸಿ ನೋಡಿದಳು.

"ಇದೇನೋ ತೂತು? ತೋಳ!"

ಜನ ಒಂದು ಹೆಜ್ಜೆ ಹಿಂದೆ ಸರಿದರು. ವೆಲ್ಡಾಳ ಕೈ ಈರುಳ್ಳಿ ಚೂರಿಯ ಕಡೆ ಹೋಯಿತು. ಆರ್ಲಿಸ್ ಬಾಲದ ಬುಡದಲ್ಲಿ ಕೊಯ್ದು, ಕಾಲಲ್ಲಿ ಮೆಟ್ಟಿ, ಒಂದೇ ಎಳೆತಕ್ಕೆ ಚರ್ಮ ಸುಲಿದ. ಹುಳ ಚರ್ಮದ ಜೊತೆ ಹೋಯಿತು. ಒಳಗಿನ ಮಾಂಸ ಗುಲಾಬಿ ಬಣ್ಣಕ್ಕೆ ಹೊಳೆಯಿತು.

"ಅಪ್ಪನ ಕೈ ಬಂದಿದೆ ಕಣೋ ನಿಂಗೆ!" ಓಪಲತ್ತೆ ತೊಡೆ ತಟ್ಟಿದಳು. "ಹೋಬರ್ಟ್, ನಿಂದೆಷ್ಟು?"

"ಒಂದೂ ಇಲ್ಲ ಅತ್ತೆ," ಎಂದ ಹೋಬರ್ಟ್ ತಲೆ ತಗ್ಗಿಸಿ. "ಈ ಸಲ ಈರುಳ್ಳಿ ನಂಗೇ ಕೊಡಿ."

ಚಪ್ಪಾಳೆ ಬಿತ್ತು. ರಾಸ್ಕೋ ಪಿಟೀಲು ತೆಗೆದ. ಸಟ್ಟುಗ ಆರ್ಲಿಸ್‌ನ ಕೈಗೆ ಬಂತು.

"ಕಟ್ಟಳೆ ಗೊತ್ತಲ್ಲ?" ಎಂದಳು ಓಪಲತ್ತೆ. "ಸಂಜೆವರೆಗೂ ಎರಡೂ ಕೈ ಸಟ್ಟುಗದ ಮೇಲೇ ಇರಬೇಕು. ಮೈ ಮುಟ್ಟಿದ ಕೈ ನನ್ನ ಕೊಪ್ಪರಿಗೆ ಮುಟ್ಟೋ ಹಾಗಿಲ್ಲ. ಬಿಟ್ಟೆಯೋ, ಮುಂದೆ ಹಿಡಿದವನ ಹೆಸರೇ ಹಿಡಿ ಮೇಲೆ."

"ಸಾಯೋವರೆಗೂ ಬಿಡಲ್ಲ ಅತ್ತೆ!"

ಮಧ್ಯಾಹ್ನವೆಲ್ಲ ಅವನು ರಾಜನ ಹಾಗೆ ತಿರುವಿದ. ಹಾದುಹೋದವರೆಲ್ಲ ಬೆನ್ನು ತಟ್ಟಿದರು. ಆಮೇಲೆ ಹರಡಿನ ಹತ್ತಿರ ಯಾರೋ ಗರಿ ಆಡಿಸಿದ ಹಾಗಾಯಿತು. ಗರಿ ಮಂಡಿಯ ಹಿಂದಕ್ಕೆ ಹೋಯಿತು. ಬೆಲ್ಟಿನ ಸುತ್ತ ಹೋಗುವಷ್ಟರಲ್ಲಿ ಗರಿ ಕೆಂಡವಾಗಿತ್ತು. ಹೊಕ್ಕುಳಲ್ಲೂ ಒಂದು ನುಸಿ ಮನೆ ಮಾಡಿತ್ತು.

ಆರ್ಲಿಸ್ ಒಂದು ಕಾಲನ್ನು ಇನ್ನೊಂದಕ್ಕೆ ಉಜ್ಜಿದ. ಸೊಂಟ ತಿರುಗಿಸಿದ. ಕುಪ್ಪಳಿಸಿದ.

"ಆಹಾ, ಕುಣೀತಿದಾನೆ ನೋಡ್ರೋ!" ಎಂದು ರಾಸ್ಕೋ ಪಿಟೀಲಿನ ವೇಗ ಏರಿಸಿದ. ಜನ ತಾಳ ಹಾಕಿದರು.

ಅಷ್ಟರಲ್ಲಿ ಈರುಳ್ಳಿ ಮುಗಿಸಿದ ಹೋಬರ್ಟ್ ಕುರ್ಚಿ ತಂದು ಸರಿಯಾಗಿ ಎದುರಿಗೇ ಹಾಕಿಕೊಂಡ. ನಿಧಾನವಾಗಿ ಬೂಟು ಬಿಚ್ಚಿದ, ಕಾಲುಚೀಲ ಬಿಚ್ಚಿದ. ಕಾಲು ಪೂರ್ತಿ ಕೆಂಪು ಗುಳ್ಳೆ. ಒಣಗಿದ ಮೆಕ್ಕೆಜೋಳದ ದಿಂಡು ತೆಗೆದು, ಕಣ್ಣು ಮುಚ್ಚಿ, ಹರಡಿನಿಂದ ಮಂಡಿಯವರೆಗೆ ಒಮ್ಮೆ ಎಳೆದ. "ಹಾಆಆ..."

"ನಿಂಗೂ... ಚಿಗರಾ?"

"ಬೆಳಿಗ್ಗೆ ಗೊತ್ತಾಗದೆ ಆ ಪೊದೆ ಪಕ್ಕದ, ಚಿಗರ್ ಮನೆ ಮಾಡೋ ಕೊಳೆತ ದಿಮ್ಮಿ ಮೇಲೆ ಕೂತ್ಬಿಟ್ಟೆ ಮಾರಾಯ," ಹೋಬರ್ಟ್ ಪಿಸುಗುಟ್ಟಿದ. "ಮಧ್ಯಾಹ್ನದ ಗತಿ ಆಗಲೇ ಕಣ್ಣಿಗೆ ಕಟ್ತು. ನಾಲ್ಕು ಅಳಿಲು ತಂದ್ರೆ ಸಟ್ಟುಗ ಗ್ಯಾರಂಟಿ. ಮನೆಗೆ ಒಯ್ದು ಬಚ್ಚಿಟ್ರೆ ನನ್ನ ಹೆಂಡ್ತಿ ಅತ್ತೆಗೆ ಹೇಳದೆ ಬಿಡ್ತಾಳಾ? ಅಷ್ಟರಲ್ಲಿ ಹಳ್ಳದಾಚೆಯಿಂದ ಸೀಮೆಎಣ್ಣೆ ವಾಸನೆ ಬಂತು. ಸದ್ಯ, ಆರ್ಲಿಸ್ ನೋಡ್ತಿದಾನೆ ಅಂದ್ಕೊಂಡೆ."

"ಮತ್ತೆ ತೋಳ?"

"ನನ್ನವಕ್ಕೆ ಎಲ್ಲಿತ್ತು ತೋಳ?"

ಆರ್ಲಿಸ್‌ನ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಕೈ ಸಟ್ಟುಗ ಬಿಡಲಿಲ್ಲ. ಓಪಲತ್ತೆ ನೋಡಿ ಕರಗಿಹೋದಳು. "ಅಪ್ಪನ್ನ ನೆನೆದು ಅಳ್ತಿದಾನೆ ಮಗು! ಕಬ್ಬಿಣ ಕಾಯಿಸ್ರೋ, ಇವತ್ತು ಹೆಸರು ದೊಡ್ಡದಾಗಿ ಬರೀಬೇಕು!"

ವೆಲ್ಡಾ ಏಪ್ರನ್ನಿಗೆ ಕೈ ಒರೆಸುತ್ತಾ ಬಂದು ಗಂಡನ ಮುಖ ಇಣುಕಿದಳು.

"ಈ ಸಲ ಈರುಳ್ಳಿ ಹೆಚ್ಚಿದ್ದು ಹೋಬರ್ಟ್. ಅವನ ಕಣ್ಣಲ್ಲಿ ಒಂದು ಹನಿ ಇಲ್ಲ. ನಿಂಗ್ಯಾಕೋ ಇಷ್ಟು ನೀರು?"

"ಸಂತೋಷಕ್ಕೆ," ಎಂದ ಆರ್ಲಿಸ್, ಹಲ್ಲು ಕಚ್ಚಿ.

ಹೋಬರ್ಟ್ ಜೋಳದ ದಿಂಡನ್ನು ಇನ್ನೊಂದು ಕಾಲಿಗೆ ಬದಲಾಯಿಸಿದ.