ಕುಕ್ಕರ್ ನುಂಗಿದ ಎರಡಕ್ಷರ

ಭಾನುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಮಿಲಿಗ್ರಾಂ ಮಹಾಶಯ ತಳ ಹಿಡಿದ ಹಾಲಿನ ಪಾತ್ರೆಯನ್ನು ಉಜ್ಜುತ್ತಿದ್ದ. ಉಜ್ಜುತ್ತಿದ್ದವನು ಇದ್ದಕ್ಕಿದ್ದಂತೆ ಕೈಯಲ್ಲಿದ್ದ ನಾರನ್ನು ಖಡ್ಗದಂತೆ ಮೇಲೆತ್ತಿದ. ನೊರೆ ಮೊಣಕೈವರೆಗೂ ಇಳಿಯಿತು.

“ಇವತ್ತು ಮಗಳು ಬರೋ ಹೊತ್ತಿಗೆ ಅವಳ ಬಾಲ್ಯದ ಫೋಟೋ ಅಷ್ಟೂ ಸರಿ ಮಾಡಿ ಮುಗಿಸ್ತೀನಿ! ಒಂದು ಫೋಟೋಗೆ ಎರಡೇ ನಿಮಿಷ!”

“ಹಾಲು ಉಕ್ಕೋಕೂ ಎರಡೇ ನಿಮಿಷ ಸಾಕು ಕಣ್ರೀ,” ಎಂದಳು ಹೆಂಡತಿ, ಎಡಗೈಯಲ್ಲಿ ಪತ್ರಿಕೆಯ ಪುಟ ತಿರುಗಿಸುತ್ತ. “ನಿನ್ನೆ ನೋಡಿದ್ವಲ್ಲ.”

ಮಿಲಿಗ್ರಾಂ ಅವನ ಹುಟ್ಟುಹೆಸರಲ್ಲ. ಅಂಗಡಿಗಳ ತಕ್ಕಡಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವನ ಕೆಲಸ. ತೂಕದ ಬಟ್ಟುಗಳನ್ನು ಬರಿಗೈಯಲ್ಲಿ ಮುಟ್ಟಿದರೆ ಬೆರಳಿನ ಜಿಡ್ಡಿನಿಂದ ಅವು ಭಾರವಾಗುತ್ತವೆ ಎಂದು ಚಿಮಟದಲ್ಲೇ ಹಿಡಿಯುವ ಆಸಾಮಿ. ಸಹೋದ್ಯೋಗಿಗಳು ಇಟ್ಟ ಆ ಹೆಸರನ್ನು ಹೆಂಡತಿ ಸಿಟ್ಟು ಬಂದಾಗ ಮಾತ್ರ ಬಳಸುತ್ತಿದ್ದಳು. ಕಳೆದ ಐದು ವಾರಗಳಿಂದ ದಿನವೂ ಬಳಸುತ್ತಿದ್ದಾಳೆ.

ಐದು ವಾರಗಳ ಹಿಂದೆ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಕೈಗೆ ಪ್ಲಾಸ್ಟರ್ ಬಿತ್ತು, ಮನೆಯ ಆಡಳಿತ ಕೈ ಬದಲಾಯಿಸಿತು. ಆಜ್ಞೆ ಮಾಡುವ ಅಧಿಕಾರ ಅವಳಲ್ಲೇ ಉಳಿದು, ಪಾತ್ರೆ, ಬಟ್ಟೆ, ಅಡುಗೆ, ಕಸ ಎಂಬ ನಾಲ್ಕು ಖಾತೆಗಳು ಇವನ ಹೆಗಲಿಗೇರಿದವು. ಐದನೆಯ ಖಾತೆ ಎಲ್ಲಕ್ಕಿಂತ ಕಠಿಣ: ಹೆಂಡತಿಯ ಜಡೆ. ಸಾವಿರದಲ್ಲೊಂದು ಗ್ರಾಂ ವ್ಯತ್ಯಾಸ ಹಿಡಿಯಬಲ್ಲ ಬೆರಳುಗಳಿಗೆ ಮೂರು ಎಳೆ ಕೂದಲನ್ನು ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ. ಅವನು ಹೆಣೆದದ್ದು ಹಗ್ಗವೋ ಹಾವೋ ಎಂದು ಬೆಳಕಲ್ಲಿ ನೋಡಿದರೂ ತಿಳಿಯುತ್ತಿರಲಿಲ್ಲ.

ನಾಳೆ ಪ್ಲಾಸ್ಟರ್ ತೆಗೆಯುವ ದಿನ. ಆ ದಿನ ಅಮ್ಮನ ಕೈಗೆ ಒಂದು ಆಲ್ಬಂ ಕೊಡಬೇಕೆಂಬುದು ಮಗಳ ಗುಟ್ಟಿನ ಯೋಜನೆ; ಫೋಟೋ ಸರಿ ಮಾಡುವುದು ಗೊತ್ತಿದ್ದರೂ ಆಲ್ಬಮಿನ ಸುದ್ದಿ ಅಮ್ಮನಿಗೆ ಗೊತ್ತಿಲ್ಲ. ಬೇರೆ ಊರಿನ ಹಾಸ್ಟೆಲಿನಲ್ಲಿದ್ದು ಫಿಸಿಯೊಥೆರಪಿ ಓದುವ ಅವಳು ಇವತ್ತು ನಾಲ್ಕು ಗಂಟೆಗೆ ಊರು ತಲುಪುವ ಬಸ್ಸಿನಲ್ಲಿ ಬರುತ್ತಾಳೆ. ಬೀದಿ ತುದಿಯ ಸ್ಟುಡಿಯೋದವನು ಸಂಜೆಯೊಳಗೆ ಫೋಟೋ ತಲುಪಿಸಿದರೆ ಬೆಳಿಗ್ಗೆಗೆ ಅಚ್ಚು ಹಾಕಿಕೊಡಲು ಒಪ್ಪಿದ್ದಾನೆ. ಫೋಟೋಗಳಿರುವುದು ಮನೆಯ ಹಳೇ ಕಂಪ್ಯೂಟರಿನಲ್ಲಿ. ಅವನ್ನು ಒಪ್ಪವಾಗಿಸುವ ಹೊಣೆ ಅಪ್ಪನದು.

“ರೀ, ಮೊದಲು ಜಡೆ ಹಾಕಿ. ಕೂದಲು ಕಣ್ಣಿಗೆ ಬರ್ತಿದೆ.”

“ಎರಡೇ ನಿಮಿಷ ತಡಿ!” ಎಂದು ಅವನು ಕಂಪ್ಯೂಟರಿನ ಮುಂದೆ ವಿರಾಜಮಾನನಾದ.

ಹೊಸ ತಂತ್ರಾಂಶ ಮಾಯಾವಿಯಂತಿತ್ತು. ಬೇಡದ ವಸ್ತುವಿನ ಮೇಲೆ ಮೌಸ್ ಆಡಿಸಿದರೆ ಸಾಕು, ಅದು ಇದ್ದ ಜಾಗದಲ್ಲಿ ಗೋಡೆ ಬೆಳೆದುಬಿಡುತ್ತಿತ್ತು! ಮಗಳ ಹಿಂದಿದ್ದ ಬಕೆಟ್ ಮಾಯ. ಪೊರಕೆ ಮಾಯ. ಹಗ್ಗದ ಮೇಲೆ ಒಣಗುತ್ತಿದ್ದ ಅವನದೇ ಬನಿಯನ್ನುಗಳ ಸಾಲಿಗೆ ಬರುವಷ್ಟರಲ್ಲಿ ಹೊರಗೆ ಮೋಡ ಗುಡುಗಿತು.

“ರೀ! ಮಳೆ! ಬಟ್ಟೆ ತೆಗೀರಿ!”

“ತೆಗೆದೆ!” ಎಂದ ಅವನು, ಸಂತೃಪ್ತನಾಗಿ.

ಹತ್ತು ನಿಮಿಷದ ನಂತರ ಹೆಂಡತಿ ಅವನನ್ನು ಹಿತ್ತಿಲ ಬಾಗಿಲಿಗೆ ಕರೆದೊಯ್ದಳು. ಹಗ್ಗದ ಮೇಲೆ ವಾರದ ಬಟ್ಟೆಯೆಲ್ಲ ಎರಡನೆಯ ಸಲ ಒಗೆಸಿಕೊಂಡು ತೊಟ್ಟಿಕ್ಕುತ್ತಿತ್ತು.

“ತೆಗೆದೆ ಅಂದ್ರಲ್ಲ?”

“ಫೋಟೋದಲ್ಲಿ ತೆಗೆದೆ.”

“ಹಾಗಾದ್ರೆ ನಾಳೆ ಆಫೀಸಿಗೆ ಆ ಫೋಟೋದಲ್ಲಿರೋದನ್ನೇ ಹಾಕ್ಕೊಂಡು ಹೋಗಿ. ಓ, ಅದನ್ನೂ ತೆಗೆದಿದ್ದೀರಲ್ಲ, ಮಿಲಿಗ್ರಾಂ ಸಾಹೇಬ್ರೇ!”

ಬಟ್ಟೆ ಹಿಂಡಿ, ಒಳಗೆ ಹರವಿ, ಕುಕ್ಕರ್ ಒಲೆಗೇರಿಸುವ ಹೊತ್ತಿಗೆ ಮಗಳ ಫೋನ್ ಬಂತು. ಆಲ್ಬಂ ಗುಟ್ಟಲ್ಲವೇ? ಅವನು ಅಡುಗೆಮನೆಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತ.

“ಅಪ್ಪಾ, ಸರಿಯಾಗಿ ಕೇಳಿಸ್ಕೋ. ಎಲ್ಲಾ ಫೋಟೋ ಬೇಡ. ಅಂಚಲ್ಲಿ ಅಮ್ಮನ ಕೈ ಬಂದಿರುತ್ತಲ್ಲ, ಅದನ್ನೆಲ್ಲ ತೆಗೆದು…”

ಕುಕ್ಕರ್ ಕೂಗಿತು. ಸಾಧಾರಣ ಕೂಗಲ್ಲ, ರೈಲು ಬಿಟ್ಟಂಥ ಕೂಗು! ಅದು ಮುಗಿಯುವಷ್ಟರಲ್ಲಿ ಆ ಕಡೆ “ಬಸ್ ಬಂತಪ್ಪಾ, ಇಡ್ತೀನಿ,” ಎಂದು ಫೋನ್ ಕಟ್ಟಾಯಿತು.

ಬೇರೆ ಯಾರಾದರೂ ಆಗಿದ್ದರೆ ತಿರುಗಿ ಫೋನ್ ಮಾಡುತ್ತಿದ್ದರು. ಆದರೆ ಇವನು ವಿಜ್ಞಾನದ ಪದವೀಧರ. ಅಳತೆಗಳ ಸಾಲಿನಲ್ಲಿ ಒಂದು ಅಂಕಿ ಬಿಟ್ಟುಹೋದರೆ ಅಕ್ಕಪಕ್ಕದ ಅಂಕಿಗಳನ್ನು ನೋಡಿ ಊಹಿಸಿ ತುಂಬುವ ವಿದ್ಯೆ ಅವನಿಗೆ ಕರತಲಾಮಲಕ. ಅಕ್ಕಪಕ್ಕದಲ್ಲಿ ಏನಿತ್ತು? ಬಕೆಟ್ ತೆಗೆದುಹಾಕಿದ್ದ, ಪೊರಕೆ ತೆಗೆದುಹಾಕಿದ್ದ, ಬನಿಯನ್ ತೆಗೆದುಹಾಕಿದ್ದ. ಬಿಟ್ಟುಹೋದ ಎರಡಕ್ಷರ ‘ಹಾಕು’ ಅಲ್ಲದೆ ಇನ್ನೇನು? ಅಂಚಿನಿಂದ ಒಳನುಗ್ಗುವ ಅರ್ಧ ಕೈ ಫೋಟೋದ ಅಂದ ಕೆಡಿಸುತ್ತದೆಂದು ಅವನಿಗೂ ಅನ್ನಿಸಿತ್ತು. ಭೇಷ್ ಮಗಳೇ!

ಮಧ್ಯಾಹ್ನವೆಲ್ಲ ಕೈಗಳ ಸಂಹಾರ ನಡೆಯಿತು. ಮೇಜಿನ ಅಂಚಿನಲ್ಲಿ ಕೂತ ಮಗುವಿನ ಬೆನ್ನ ಹಿಂದಿನ ಅಂಗೈ ಹೋಯಿತು. ಸೈಕಲ್ ಸೀಟು ಹಿಡಿದಿದ್ದ ಮುಷ್ಟಿ ಹೋಯಿತು. ಜಾರುಬಂಡೆಯ ಕೆಳಗೆ ಚಾಚಿದ್ದ ಜೋಡಿ ತೋಳು, ಬಾಯಿಯ ಬಳಿಯ ಚಮಚದ ಜೊತೆಗಿದ್ದ ಬೆರಳುಗಳು, ಎಲ್ಲ ಹೋದವು. ಚಮಚ ಗಾಳಿಯಲ್ಲಿ ತೇಲಿತು, ಅದನ್ನೂ ತೆಗೆದ. ಹೊಸ ಫೋಟೋವನ್ನು ಹಳೆಯದರ ಮೇಲೇ ಸೇವ್ ಮಾಡಿ ಹಳೆಯದನ್ನು ಅಳಿಸಿದ. ಒಂದು ವಸ್ತುವಿಗೆ ಒಂದೇ ಜಾಗ, ಪ್ರಯೋಗಾಲಯದ ನಿಯಮ!

ಒಂದು ಫೋಟೋ ಮಾತ್ರ ಅವನಿಗೆ ಕೈ ಕೊಟ್ಟಿತು. ಶಾಲೆಯ ಮೊದಲ ದಿನ, ಮಗಳಿಗೆ ಅಮ್ಮ ಜಡೆ ಹಾಕುತ್ತಿರುವುದು. ಅಮ್ಮನ ಬೆರಳು ಯಾವುದು, ಮಗಳ ಕೂದಲು ಯಾವುದು ಎಂದು ತಂತ್ರಾಂಶಕ್ಕೆ ಬಿಡಿಸಲಾಗಲಿಲ್ಲ. ಕೈ ತೆಗೆದರೆ ತಲೆಯೇ ಹೋಗುತ್ತಿತ್ತು. ಸಾಯಲಿ ಎಂದು ಅದನ್ನು ಹಾಗೇ ಬಿಟ್ಟ.

“ರೀ, ಜಡೆ?”

“ಎರಡೇ ನಿಮಿಷ!”

ನಾಲ್ಕೂವರೆಗೆ ಮಗಳು ಬಂದಳು. ಚೀಲ ಕೆಳಗಿಡದೆ ಪಿಸುಗುಟ್ಟಿದಳು: “ಆಯ್ತಾ ಅಪ್ಪಾ?”

“ಒಂದೂ ಕೈ ಬಿಟ್ಟಿಲ್ಲ ನೋಡು!”

ಅವಳು ನೋಡಿದಳು. ಒಂದು, ಎರಡು, ಮೂರು ಫೋಟೋ. ಒಂದೊಂದು ಫೋಟೋಗೂ ಅವಳ ಮುಖದ ಬಣ್ಣ ಇಳಿಯುತ್ತ ಹೋಯಿತು.

“ಅಪ್ಪಾ… ಅಮ್ಮನ ಕೈ ಎಲ್ಲಿ?”

“ತೆಗೆದೆ. ನೀನೇ ಹೇಳಿದ್ಯಲ್ಲ?”

“ತೆಗೆದಿಡು ಅಂದೆ! ಕೈ ಬಂದಿರೋ ಫೋಟೋನೆಲ್ಲ ತೆಗೆದಿಡು ಅಂತ! ಆಲ್ಬಂ ಪೂರ್ತಿ ಅಮ್ಮನ ಕೈದೇ ಮಾಡ್ಬೇಕು ಅಂತಿದ್ದೆ! ಹಳೇದು ಎಲ್ಲಿದೆ?”

“ಹಳೇದರ ಮೇಲೇ…” ಎಂದ ಮಿಲಿಗ್ರಾಂ. ಈ ಸಲ ಮುಂದಿನ ಪದವನ್ನು ಯಾವ ಕುಕ್ಕರೂ ನುಂಗಿರಲಿಲ್ಲ.

“ಅದೇನದು ನನ್ನ ಕೈ ಸಮಾಚಾರ?” ಹೆಂಡತಿ ಬಾಗಿಲಲ್ಲಿ ನಿಂತಿದ್ದಳು, ಕೂದಲು ಬೆನ್ನ ತುಂಬ ಕೆದರಿಕೊಂಡು. ಗುಟ್ಟು ಅಲ್ಲಿಗೆ ರಟ್ಟಾಯಿತು.

ಅವಳು ಕುರ್ಚಿ ಎಳೆದು ಕೂತು ಒಂದೊಂದೇ ಫೋಟೋ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಿರುತ್ತಿತ್ತು.

“ಪರವಾಗಿಲ್ಲ ಬಿಡಿ,” ಎಂದಳು ಕೊನೆಗೆ. “ಇವಳು ಹೀಗೆ ಬೆಳೆದಿದ್ರಲ್ಲಿ ನನ್ನ ಕೈವಾಡ ಇದೆ ಅಂತ ಇನ್ನು ಯಾರೂ ದೂರೋ ಹಾಗಿಲ್ಲ.”

ಮಗಳು ಪರದೆಯಲ್ಲಿ, ಮೇಜಿನ ಅಂಚಿನ ಮಗುವಿನ ಫೋಟೋ ಮೇಲೆ ಬೆರಳಿಟ್ಟಳು. “ಅಪ್ಪಾ, ನಿನ್ನ ವಿಷಯ ಭೌತಶಾಸ್ತ್ರ ತಾನೆ? ಒಂಬತ್ತು ತಿಂಗಳ ಮಗು ಮೇಜಿನ ಅಂಚಲ್ಲಿ ಇಷ್ಟು ಹಿಂದಕ್ಕೆ ವಾಲಿಕೊಂಡು ಕೂತ್ರೆ ಏನಾಗುತ್ತೆ?”

ಅವನು ಗುರುತ್ವಕೇಂದ್ರವನ್ನು ಮನಸ್ಸಿನಲ್ಲೇ ಗುರುತಿಸಿದ. “ಬೀಳುತ್ತೆ.”

“ಬಿದ್ದಿಲ್ಲ. ಯಾಕೆ?”

ಮಿಲಿಗ್ರಾಂ ತಿರುಗಿ ನೋಡಿದ. ಈಗ ಪ್ರತಿಯೊಂದು ಫೋಟೋದಲ್ಲೂ ಲೆಕ್ಕ ತಪ್ಪಿತ್ತು. ಸೈಕಲ್ ಬೀಳಬೇಕಿತ್ತು. ಜಾರುಬಂಡೆಯಿಂದ ಬರುವವಳು ನೆಲಕ್ಕೆ ಅಪ್ಪಳಿಸಬೇಕಿತ್ತು. ಇಪ್ಪತ್ತು ವರ್ಷ ತಕ್ಕಡಿಗಳ ಮುಂದೆ ಕಳೆದವನು, ಒಂದು ತಟ್ಟೆಯಲ್ಲಿ ನಗುತ್ತಿದ್ದ ಮಗುವನ್ನು ನೋಡಿ ಇನ್ನೊಂದು ತಟ್ಟೆಯಲ್ಲಿದ್ದ ತೂಕವನ್ನು ಕಸವೆಂದು ಗುಡಿಸಿದ್ದ. ಅದನ್ನು ಮಾತ್ರ ಚಿಮಟದಲ್ಲಿ ಹಿಡಿದಿರಲಿಲ್ಲ.

“ಒಂದಿದೆ,” ಎಂದ ಸಣ್ಣ ದನಿಯಲ್ಲಿ. “ಒಂದನ್ನ ತೆಗೆಯೋಕೆ ಆಗ್ಲಿಲ್ಲ.”

ಜಡೆಯ ಫೋಟೋ ತೆರೆದ. ತಾಯಿ ಮಗಳಿಬ್ಬರೂ ಪರದೆಯತ್ತ ಬಾಗಿದರು.

“ಒಂದೇ ಫೋಟೋದ ಆಲ್ಬಂ ಹೇಗಮ್ಮಾ ಕೊಡೋದು?” ಮಗಳ ದನಿ ಒದ್ದೆಯಾಗಿತ್ತು.

“ಎರಡಾದ್ರೆ ಸಾಕಾ?” ಹೆಂಡತಿ ಬಾಚಣಿಗೆಯನ್ನು ಗಂಡನ ಕೈಗಿಟ್ಟು ಬೆನ್ನು ತಿರುಗಿಸಿ ಕೂತಳು. “ಬೆಳಿಗ್ಗೆಯಿಂದ ಕಾಯ್ತಿದ್ದೀನಿ. ಹಾಕಿ ಈಗ.”

ಅವನು ಮೂರು ಎಳೆ ಬಿಡಿಸಿಕೊಂಡ. ಮಗಳು ಕಿಟಕಿಯ ಬೆಳಕಿಗೆ ಫೋನ್ ಹಿಡಿದಳು.

“ಅಪ್ಪಾ, ಅಂಚಲ್ಲಿ ನಿನ್ನ ಕೈ ಬರ್ತಿದೆ. ತೆಗೀಲಾ?”

“ಯಾವ ಅರ್ಥದಲ್ಲಿ?” ಎಂದ ಮಿಲಿಗ್ರಾಂ ಗಾಬರಿಯಿಂದ.

“ತೆಗಿ, ತೆಗೆದಿಡು!” ಎಂದಳು ಹೆಂಡತಿ. “ಕೊನೇ ಅಕ್ಷರದವರೆಗೂ ಹೇಳೇ ಇವರಿಗೆ!”

ಮೂರನೆಯ ಎಳೆ ಜಾರಿ ಎಲ್ಲ ಬಿಚ್ಚಿಕೊಂಡಿತು. ಅವನು ಮತ್ತೆ ಮೊದಲಿನಿಂದ ಶುರುಮಾಡಿದ. ಸ್ಟುಡಿಯೋ ಮುಚ್ಚಲು ಇನ್ನೂ ಹೊತ್ತಿತ್ತು.

“ರೀ, ಕತ್ತು ನೋಯ್ತಿದೆ. ಇನ್ನೂ ಎಷ್ಟು ಹೊತ್ತು?”

ಮಿಲಿಗ್ರಾಂಗೆ ಬೇರೆ ಯಾವ ಅಳತೆಯೂ ನೆನಪಾಗಲಿಲ್ಲ.

“ಎರಡೇ ನಿಮಿಷ.”